ತಾನಾಗಿಯೇ ಬಿಟ್ಟುಹೋದವನಿಗೆ

ಲಾಂಡ್ರಿಯ ಹೆಂಗಸರ ಕೋಣೆ
ಭಾನುವಾರ, ೧೪ನೇ ತಾರೀಖು

ನನ್ನ ಮುದ್ದು ತಮ್ಮಾ,

ಹೇಗಿದ್ದೀಯ? ಬೆವರುವುದು ನಿಂತಿತೇ? ಎರಡು ಹೊತ್ತಾದರೂ ಹೊಟ್ಟೆಗೆ ಏನಾದರೂ ಬೀಳುತ್ತಿದೆಯೇ? ಚೆನ್ನಾಗಿದ್ದೇನೆ ಎಂದು ಸುಳ್ಳು ಬರೆಯಬೇಡ. ಮಾತಿನ ನಡುವೆ ನೀನು ಉಸಿರು ಹುಡುಕುವುದು ಫೋನಿನಲ್ಲೂ ಕೇಳಿಸುತ್ತದೆ. ಫೋನಿನಲ್ಲಿ ಹೇಳಲಾಗದ್ದು ಇದೆ, ಅದಕ್ಕೇ ಈ ಕಾಗದ.

ನಿನ್ನನ್ನು ಗಡಿಯ ಬಸ್ಸಿಗೆ ಹತ್ತಿಸಿದ ಮರುದಿನ ಮೇಸ್ತ್ರಿ ನನ್ನನ್ನು ಇಸ್ತ್ರಿ ಮೇಜಿನಿಂದ ಎಬ್ಬಿಸಿ ಗಂಡಸರ ಕೋಣೆಗೆ ಕಳಿಸಿದ. ಸೆಂಟು ಹಾಕಿದ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು "ಅಕ್ಕ ಅಲ್ವಾ, ನೀನೇ ತೊಳಿ" ಎಂದ. ಆರು ಮಂಚಗಳಲ್ಲಿ ಹನ್ನೆರಡು ಜನ ಪಾಳಿಯ ಮೇಲೆ ಮಲಗುತ್ತಿದ್ದ ಗೂಡನ್ನು ಅಂದೇ ನಾನು ಕಂಡದ್ದು. ಗೋಡೆಗೆ ಬೂಷ್ಟು, ಕಿಟಕಿಗೆ ಹಲಗೆ, ಹಲಗೆಗೆ ಮೊಳೆ. ಹೋಟೆಲುಗಳ ಹೊದಿಕೆಗಳನ್ನು ಹಾಲಿನಂತೆ ಬೆಳ್ಳಗೆ ಮಾಡಿ ಕಳಿಸುವವರು ಹೊದೆಯುವುದು ಬೆವರು ನಾರುವ ಕಂಬಳಿ. ನಿನ್ನ ಹಾಸಿಗೆ ಸುಟ್ಟರು, ಫಿನಾಯಿಲ್ ಸುರಿದರು, ಸಂಜೆಗೇ ಅದೇ ಮಂಚಕ್ಕೆ ಹೊಸಬನನ್ನು ತಂದು ಹಾಕಿದರು. ಕಿಟಕಿಯನ್ನು ಮಾತ್ರ ಮುಟ್ಟಲಿಲ್ಲ.

ವಾರದ ಮೇಲೆ ಆರೋಗ್ಯ ಇಲಾಖೆಯ ನರ್ಸಮ್ಮ ನಿನ್ನ ಹೆಸರಿನ ಕ್ಷಯದ ಮಾತ್ರೆ ಹಿಡಿದು ಬಂದರು. ಮೊದಲೂ ಎರಡು ಸಲ ಬಂದಿದ್ದರಂತೆ. ಅಂಥವರು ಇಲ್ಲಿಲ್ಲ ಎಂದು ಗೇಟಿನಿಂದಲೇ ಅಟ್ಟಿದ್ದರಂತೆ. ಈ ಸಲ ಪಾಳಿ ಬಿಡುವ ಹೊತ್ತಿಗೆ ಬೀದಿಯಲ್ಲೇ ಕಾದು ನನ್ನನ್ನು ಹಿಡಿದರು. ಆಗಲೇ ನನಗೆ ತಿಳಿದದ್ದು: ಇಲಾಖೆಯವರು ತೆಗೆದ ನಿನ್ನ ಎಕ್ಸ್-ರೇಯಲ್ಲಿ ಕ್ಷಯ ಕಂಡು ಏಳು ವಾರವಾಗಿತ್ತು. ಅದರ ವರದಿ ಆಗಲೇ ಮ್ಯಾನೇಜರನ ಕೈ ಸೇರಿತ್ತು. ಹೋಟೆಲುಗಳ ಸೀಸನ್ ಎಂದು ಕೆಮ್ಮಿನ ಸಿರಪ್ ಕುಡಿಸಿ ನಿನ್ನನ್ನು ದುಡಿಸಿಕೊಂಡರು, ರಕ್ತ ಬಿದ್ದ ಮರುದಿನವೇ ಸಾಗಹಾಕಿದರು. ರಿಜಿಸ್ಟರಿನಲ್ಲಿ "ತಾನಾಗಿಯೇ ಬಿಟ್ಟುಹೋದ" ಎಂದು ಬರೆದಿದ್ದಾರೆ. ಥೂ.

"ಗಡಿ ದಾಟಿದೋರ ಫೈಲು ಇಲ್ಲಿ ಮುಚ್ಚುತ್ತೆ, ಅಲ್ಲಿ ತೆರೆಯೋಲ್ಲ. ಅಡ್ರೆಸ್ ಕೊಡು, ಅಲ್ಲಿನ ಆಸ್ಪತ್ರೆಗೆ ನಾನೇ ಫೋನ್ ಮಾಡ್ತೀನಿ" ಎಂದರು ನರ್ಸಮ್ಮ. ಬಾಯಿ ಬಿಟ್ಟವರಿಗೂ ಬಸ್ಸೇ ಗತಿ ಎಂದು ಮೇಸ್ತ್ರಿ ಹೆದರಿಸಿದ್ದ. ಆದರೂ ಕೊಟ್ಟೆ. ಮೊನ್ನೆ ಎಲ್ಲರಿಗೂ ಪರೀಕ್ಷೆ ಆಯಿತು. ನಿನ್ನ ಕೋಣೆಯ ಮೂವರಿಗೆ ಅಂಟಿದೆ; ನೀನು "ಗೊರಕೆ ಮಾವ" ಎನ್ನುತ್ತಿದ್ದೆಯಲ್ಲ, ಪಾಪ, ಅವರಿಗೂ. ಕಿಟಕಿಯ ಮೊಳೆ ಕೀಳುವವರೆಗೆ ನರ್ಸಮ್ಮ ಅಲ್ಲಿಂದ ಕದಲಲಿಲ್ಲ. ಪಕ್ಕದಲ್ಲಿ ಮ್ಯಾನೇಜರ್ "ನಮ್ಗೂ ಮಕ್ಕಳುಮರಿ ಇದಾರಮ್ಮ" ಎಂದು ಕಣ್ಣೊರೆಸಿಕೊಂಡ. ಅವನು ಕೈಯಿಟ್ಟ ಬಾಗಿಲ ಹಿಡಿಯನ್ನು ಮುಟ್ಟಲೂ ನನಗೆ ಅಸಹ್ಯವಾಯಿತು.

ಬರುವ ಗುರುವಾರ ಅಲ್ಲಿನ ಆಸ್ಪತ್ರೆಯವರು ಮನೆಗೆ ಬರುತ್ತಾರೆ. ಓಣಿಯವರು ನೋಡುತ್ತಾರೆಂದು ಹಿತ್ತಲಿಂದ ಜಾರಿಕೊಳ್ಳಬೇಡ. ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಬಾರದು. ಅಮ್ಮನಿಗೂ ಪರೀಕ್ಷೆ ಮಾಡಿಸು, ಅವಳಿಗೆ ನನ್ನ ನಮಸ್ಕಾರ ಹೇಳು. ನನ್ನ ಆಯಸ್ಸೂ ನಿನಗಿರಲಿ.

ನಿನ್ನ
ಅಕ್ಕ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ನೀನು ರಕ್ತ ಕೆಮ್ಮಿದ ಬಟ್ಟೆಯನ್ನು ಮೇಸ್ತ್ರಿಗೆ ತೋರಿಸಿದವಳು ನಾನೇ. ರಜೆ ಕೊಡಿಸಿ ಡಾಕ್ಟರ ಹತ್ತಿರ ಕಳಿಸುತ್ತಾನೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ನಿನ್ನ ಬಸ್ಸು. ಬೈಯುವುದಾದರೆ ಬೈ, ಆದರೆ ಮಾತ್ರೆ ನುಂಗಿ ಬೈ.