ಮೈನಸ್ ಆರೂವರೆ

10-3-2003, ಸೋಮವಾರ

ಬೆಳಿಗ್ಗೆಯಿಂದ ಮೂರು ಲಗ್ನಪತ್ರಿಕೆ, ಒಂದು ಗೃಹಪ್ರವೇಶ. ಪ್ರೂಫ್ ನೋಡಿ ನೋಡಿ ಕುತ್ತಿಗೆ ಹಿಡಿದಿದೆ. ಒಂದರಲ್ಲಿ 'ವಧು' ಹೋಗಿ 'ವಧೆ' ಆಗಿತ್ತು. ಹಾಗೇ ಪ್ರಿಂಟಾಗಿದ್ದರೆ ಶಿರಾ ಗೇಟ್‌ನಲ್ಲಿ ನಮ್ಮ ಪ್ರೆಸ್ಸೇ ಇರುತ್ತಿರಲಿಲ್ಲ. ಓನರ್ ಶಿವಮೂರ್ತಿ ಸರ್, "ನಿನ್ ಕಣ್ಣು ಬಾಳ ಶಾರ್ಪು ಕಣಮ್ಮ" ಎಂದರು. ನಿನ್ನೆ ಈ ಕಣ್ಣು ಮಾಡಿದ ಘನಕಾರ್ಯ ಅವರಿಗೆ ಗೊತ್ತಿಲ್ಲ.

ನಿನ್ನೆ ಗುಬ್ಬಿಯಲ್ಲಿ, ದೊಡ್ಡಮ್ಮನ ಮನೆಯಲ್ಲಿ, ನನ್ನನ್ನು ನೋಡುವ ಶಾಸ್ತ್ರ. ಹುಡುಗ ಕುಣಿಗಲ್‌ನವರು. ಕಿರಣ್‌ಕುಮಾರ್. ಸುಟ್ಟ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿ. ಕಾರು ನಿಂತ ಸದ್ದು ಕೇಳಿದ್ದೇ ತಡ, ದೊಡ್ಡಮ್ಮ ನನ್ನ ಕನ್ನಡಕ ಕಿತ್ತು ಅಕ್ಕಿ ಡಬ್ಬಕ್ಕೆ ಹಾಕಿದಳು. "ಸೋಡಾಬುಡ್ಡಿ ಹಾಕ್ಕೊಂಡ್ ಕೂತ್ರೆ ಯಾರೇ ಒಪ್ತಾರೆ? ನೀಲಿ ಶರ್ಟ್‌ನವ್ರು ಹುಡ್ಗ. ಮೊದ್ಲು ಅವ್ರಿಗೇ ಕಾಫಿ ಕೊಡು."

ನೀಲಿ ಶರ್ಟು ಎರಡಿದ್ದವು! ಕೊಟ್ಟೆ — ಅವರ ಸೋದರಮಾವನಿಗೆ. ಎಲ್ಲರೂ ನಕ್ಕರು. ನಾಚಿಕೆ ಎಂದುಕೊಂಡರು. ಆಮೇಲೆ ಅವರಮ್ಮ ಸೂಜಿಗೆ ದಾರ ಪೋಣಿಸು ಎಂದರು. ಒಂದೇ ಸಲಕ್ಕೆ ಪೋಣಿಸಿದೆ. ಹತ್ತಿರದ್ದು ನನಗೆ ಚೆನ್ನಾಗಿಯೇ ಕಾಣುತ್ತೆ, ದೂರದ್ದು ತಾನೇ ಸಮಸ್ಯೆ. "ಕಣ್ಣು ಚುರುಕಾಗವೆ" ಎಂದರು ಅವರಮ್ಮ. ಆದರೆ ಸೂಜಿಯನ್ನೇ ಯಾಕೆ ಕೊಟ್ಟರು? ಯಾರಾದರೂ ಕಿವಿ ಊದಿದ್ದಾರಾ?

ಒಪ್ಪಿಗೆ ಎಂದರು. ನಾನೂ ಹ್ಞೂಂ ಎಂದೆ. ಯಾರಿಗೆ? ಮುಖವೇ ಕಾಣಲಿಲ್ಲ. ಕೆಳಗೆ ನೀಲಿ, ಮೇಲೆ ಕಂದು, ಅದರ ಮೇಲೆ ಕಪ್ಪು. ದನಿ ಮಾತ್ರ ಇಷ್ಟವಾಯಿತು. ಕೊಟ್ಟ ಫೋಟೋ ಡಿಪ್ಲೊಮಾ ಕಾಲದ್ದು, ಮೀಸೆಯೇ ಮೂಡಿಲ್ಲ. ಹೊಸ ಫೋಟೋ ಯಾಕೆ ಕೊಡಲಿಲ್ಲ?

18-3, ಮಂಗಳವಾರ

ಅಮ್ಮನ ತೀರ್ಮಾನ: ಮೇ ತಿಂಗಳ ಮದುವೆಗೆ ಮುಂಚೆ ಕಣ್ಣಿಗೆ ಲೇಸರ್. ಕನ್ನಡಕ ಇತ್ತು ಅನ್ನುವುದೇ ಕುಣಿಗಲ್‌ಗೆ ಗೊತ್ತಾಗಬಾರದು.

ಇವತ್ತು ಕ್ಲಿನಿಕ್ಕು. ಇಲ್ಲಿ ಟೆಸ್ಟು, ಆಪರೇಷನ್ ಬೆಂಗಳೂರಲ್ಲಿ. ಎರಡೂ ಕಣ್ಣು ಮೈನಸ್ ಆರೂವರೆ. ಕೌಂಟರಿನ ಹುಡುಗಿ ಒಂದೇ ಸಮ ನಗುತ್ತಿದ್ದಳು. "ಹತ್ತೇ ನಿಮಿಷ ಮೇಡಂ, ಪವರ್ ಪೂರ್ತಿ ಹೋಗುತ್ತೆ." ಅಮ್ಮ ಗಾಬರಿ — "ಅಯ್ಯೋ ಶಿವನೇ, ಪವರ್ರೇ ಹೋದ್ರೆ ಕಣ್ಣಲ್ಲಿ ಉಳಿಯೋದೇನಮ್ಮ?" ಪವರ್ ಅಂದರೆ ಕನ್ನಡಕದ ನಂಬರು ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಆ ಹುಡುಗಿಯ ಮೂಗಿನ ಮೇಲೆ ಎರಡು ಕೆಂಪು ಗುರುತು. ಆ ಗುರುತು ನನಗೆ ಗೊತ್ತಿಲ್ಲವಾ! ಕನ್ನಡಕ ಡ್ರಾದಲ್ಲಿಟ್ಟು ಕೂತಿದ್ದಾಳೆ. "ನೀವ್ಯಾಕೆ ಮಾಡಿಸ್ಕೊಂಡಿಲ್ಲ?" ಎಂದೆ. ನಗು ನಿಂತಿತು.

ಒಪ್ಪಿಗೆ ಫಾರಂ ಕೊಟ್ಟಳು. ಮುಖ್ಯವಾದದ್ದೆಲ್ಲ ಇರುವೆ ಅಕ್ಷರದಲ್ಲಿ. ದಿನವಿಡೀ ಪ್ರೂಫ್ ನೋಡುವವಳಿಂದ ಬಚ್ಚಿಡೋಕಾಗುತ್ತಾ? ಕಣ್ಣು ಒಣಗಬಹುದು. ದೀಪದ ಸುತ್ತ ಬಳೆ ಬಳೆ ಕಾಣಬಹುದು. ಕನ್ನಡಕ ಮತ್ತೆ ಬೇಕಾಗಬಹುದು. ಯಾವುದಕ್ಕೂ ಖಾತ್ರಿ ಇಲ್ಲ.

ನಾನು ಅನ್ನ ತಿನ್ನುವುದೇ ಈ ಕಣ್ಣಿಂದ. ಸಹಿ ಹಾಕಲಿಲ್ಲ. ಅಪ್ಪ ಏಪ್ರಿಲ್ ಹದಿನಾರಕ್ಕೆ ಡೇಟ್ ತೆಗೆದುಕೊಂಡೇ ಬಂದರು.

24-3, ಸೋಮವಾರ

ಕುಣಿಗಲ್‌ನಿಂದ ಅವರಮ್ಮನ ಫೋನ್. ಮಾತಿನ ಮಧ್ಯೆ, "ನಿಮ್ ಹುಡ್ಗಿ ದಿನಾ ಕಂಪ್ಯೂಟರ್ ನೋಡ್ತಾಳಲ್ಲ, ಕಣ್ಣಿಗೇನೂ ತೊಂದ್ರೆ ಇಲ್ವಾ?" ಎಂದರಂತೆ. ಅಮ್ಮ "ಛೇ ಛೇ" ಎಂದಳಂತೆ.

ಸುಮ್ಮನೆ ಕೇಳಿದ್ದಲ್ಲ ಇದು. ನನಗೆ ಅನುಮಾನ. ಈಗ ಬೀದಿಯಲ್ಲೂ ಕನ್ನಡಕ ತೆಗೆದು ಓಡಾಡು ಎಂದು ಅಮ್ಮನ ಅಪ್ಪಣೆ. ಮರಳೂರಿನ ನಮ್ಮ ರಸ್ತೆಯಲ್ಲಿ ನಿಂತಿದ್ದ ಸ್ಕೂಟರಿಗೆ ಡಿಕ್ಕಿ ಹೊಡೆದು, ಯಾರೋ ಹೆಂಗಸೆಂದು "ಸಾರಿ ಆಂಟಿ" ಎಂದೆ. ಮಂಡಿ ಊದಿದೆ.

2-4, ಯುಗಾದಿ

ದೊಡ್ಡಮ್ಮ ಬಂದಿದ್ದಳು. ಹೋಳಿಗೆ ತಿನ್ನುತ್ತಾ ಕೂತಳು.

"ಲೇಸರ್ ಮಿಷನ್ ಓಡ್ತಿರೋವಾಗ ಕರೆಂಟ್ ಹೋದ್ರೆ?" ಎಂದೆ.

"ಬುಡು, ಅವ್ರೇನ್ ದಡ್ರಾ? ಯುಪಿಎಸ್ ಇರ್ತದೆ. ನೀನ್ ಒಂದೊಂದಕ್ಕೂ ಡೌಟ್ ಪಡ್ಬೇಡ ಕಣೇ."

ಕನ್ನಡಕ ಅಕ್ಕಿ ಡಬ್ಬಕ್ಕೆ ಹಾಕಿದವಳು ಹೇಳುವ ಮಾತು! ನಿಜ ಹೇಳಿಬಿಡೋಣ ಎಂದೆ. ಅಮ್ಮ ತಟ್ಟೆ ಕುಕ್ಕಿ ಎದ್ದು ಹೋದಳು. ಮುಂಚೆ ಎರಡು ಸಂಬಂಧ ಕನ್ನಡಕದಿಂದಲೇ ತಪ್ಪಿದ್ದವು. ಅವಳ ಹೆದರಿಕೆ ನನಗೂ ಅರ್ಥವಾಗುತ್ತೆ. ನನಗೂ ಈ ಸಂಬಂಧ ಬೇಕು. ಆ ದನಿ ಬೇಕು. ಕಣ್ಣೂ ಬೇಕು…

7-4, ಸೋಮವಾರ, ಸಂಜೆ 7.40

ಆದದ್ದು ಆದಂತೆಯೇ ಬರೆಯುತ್ತೇನೆ.

ಏಳು ಗಂಟೆಗೆ ಫೋನ್. ಅವರೇ.

"ಅಕ್ಷತಾ ಅವ್ರಾ? ಕಿರಣ್. ಕಾಫಿ ಆಯ್ತಾ?"

"ಆಯ್ತು."

"ಮತ್ತೆ… ಪವರ್ ಹೋಯ್ತಾ?"

"ನಿಮ್ಗ್ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಎಲ್ರಿಗೂ ಗೊತ್ತಿರೋದೇ ಅಲ್ವಾ."

"ಎಲ್ರಿಗೂನಾ?"

"ಪೇಪರ್ನಲ್ಲೇ ಬಂದಿತ್ತಲ್ಲ."

ಪೇಪರಲ್ಲಿ! ಮಾತೆಲ್ಲ ತಾನಾಗಿ ಹೊರಗೆ ಬಂತು. "ಇನ್ನೂ ಹೋಗಿಲ್ಲ. ಹದಿನಾರಕ್ಕೆ ಆಪರೇಷನ್. ಎರಡೂ ಕಣ್ಣು. ಆರೂವರೆ ಇದೆ. ಅವತ್ತು ಕನ್ನಡಕ ಅಕ್ಕಿ ಡಬ್ಬದಲ್ಲಿತ್ತು. ನಿಮ್ ಮುಖಾನೇ ನಾನು ನೋಡಿಲ್ಲ."

ಅವರು ಮೆಲ್ಲಗೆ, "ನಾನ್ ಕೇಳಿದ್ದು ಕರೆಂಟು. ಕುಣಿಗಲ್ಲಲ್ಲಿ ದಿನಾ ಏಳಕ್ಕೆ ಲೋಡ್ ಶೆಡ್ಡಿಂಗು, ಪೇಪರಲ್ಲಿ ಟೈಮ್ ಹಾಕಿದ್ರಲ್ಲ. ಅಂಗ್ಡೀಲಿ ಕೆಲ್ಸ ನಿಂತಿತ್ತು, ಅಲ್ಲೂ ಹೋಗಿದ್ಯಾ ಅಂತ…"

ರಿಸೀವರ್ ಇಟ್ಟುಬಿಟ್ಟೆ. ನಮ್ಮ ಮನೆಯಲ್ಲಿ ಅದು ಕರೆಂಟು. ಮೋಟಾರ್ ಅಂಗಡಿಯವರ ಬಾಯಲ್ಲಿ ಪವರ್ರು. ಮೇಲೆ ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು.

8-4

ಫೋನ್ ಇಲ್ಲ.

10-4, ಗುರುವಾರ

ಇವತ್ತೂ ಇಲ್ಲ. ಅಮ್ಮ ಮಾತು ಬಿಟ್ಟಿದ್ದಾಳೆ. ಅಪ್ಪ ಮಾತ್ರ, "ಹದ್ನಾರಕ್ಕೆ ಹೋಗೋದಾ ಬೇಡ್ವಾ ಮಗ?" ಎಂದರು. ಕಣ್ಣೀರು ಬಂತು. ಈಗ ಯಾರಿಗೋಸ್ಕರ ಮಾಡಿಸಿಕೊಳ್ಳಲಿ? ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಇನ್ನೊಂದು ಸಂಬಂಧ, ಇನ್ನೊಂದು ಅಕ್ಕಿ ಡಬ್ಬ… ಹೋಗಿ ಮುಗಿಸಿಬಿಡುವುದೇ ವಾಸಿಯೇನೋ.

12-4, ಶನಿವಾರ

ಮಧ್ಯಾಹ್ನ ಪ್ರೆಸ್ಸಲ್ಲಿ ಒಬ್ಬಳೇ ಇದ್ದೆ. ಯಾರೋ ಬಂದು ನಿಂತರು. ನಾನು ಸ್ಕ್ರೀನ್ ಬಿಟ್ಟು ತಲೆ ಎತ್ತಲಿಲ್ಲ. ಚೀಟಿ ಚಾಚಿದರು. ಲಗ್ನಪತ್ರಿಕೆ ಮ್ಯಾಟರು. ಅಭ್ಯಾಸಬಲ, ಪೆನ್ನು ತೆಗೆದು ತಿದ್ದುತ್ತಾ ಹೋದೆ. 'ಅಕ್ಷತ' ಎಂದಿತ್ತು. ದೀರ್ಘ ಹಾಕಿದೆ. 'ಶ್ರೀಮತಿ ಸಿದ್ದಗಂಗಮ್ಮ ಮತ್ತು ಶ್ರೀ ಪರಮಶಿವಯ್ಯನವರ ಪುತ್ರಿ'…

ನನ್ನ ಅಮ್ಮ. ನನ್ನ ಅಪ್ಪ.

ತಲೆ ಎತ್ತಿದೆ. ಗುರುತೇ ಇಲ್ಲದ ಮನುಷ್ಯ.

"ಗುರ್ತು ಸಿಗ್ಲಿಲ್ಲ ಅಲ್ವಾ?" ಎಂದರು. ಆ ದನಿ!

ನಾನು ಎದ್ದು ನಿಂತೆ. ಕನ್ನಡಕ ತೆಗೆಯಲು ಕೈ ಹೋಯಿತು. "ಬೇಡ, ಇರ್ಲಿ. ಈಗ್ಲಾದ್ರೂ ನೋಡಿ" ಎಂದರು.

ಐದು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿಯೇ ಬಿಟ್ಟೆ. ಅವರಮ್ಮನನ್ನು ಒಪ್ಪಿಸಲು ಅಷ್ಟು ದಿನ ಬೇಕಾಯಿತಂತೆ. "ಕಣ್ಣು ಕಾಣ್ದಿದ್ರೆ ದಾರ ಹೆಂಗ್ ಪೋಣ್ಸಿದ್ಲು? ಅವ್ಳಿಗೇನೂ ಆಗಿಲ್ಲ, ನೀನೇ ಸುಳ್ ಹೇಳ್ತಿದೀಯ" ಎಂದು ಅವರಿಗೇ ಬೈದರಂತೆ. ಆಮೇಲೆ ನಾವು ಮುಚ್ಚಿಟ್ಟಿದ್ದಕ್ಕೆ ಕೋಪ. ಆಮೇಲೆ ನಗು.

"ನಂಗೆ ಅವತ್ತೇ ಗೊತ್ತಿತ್ತು. ಮೂಗಿನ್ ಮೇಲೆ ಪೌಡರ್ ಹಾಕಿದ್ರೂ ಗುರ್ತು ಕಾಣ್ತಿತ್ತು. ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ."

"ಹಾಗಿದ್ರೆ ಅವತ್ತು ಫೋನಲ್ಲಿ ಕೇಳಿದ್ದು ಕರೆಂಟೇ ತಾನೇ?"

"ಕರೆಂಟೇ." ನಗುತ್ತಿದ್ದರು.

ನಂಬುವುದೋ ಬೇಡವೋ.

"ಆಪರೇಷನ್?" ಎಂದೆ.

"ಅದು ನಿಮ್ ಕಣ್ಣು. ನಾನ್ ಏನ್ ಹೇಳ್ಲಿ? ಬೇಕು ಅನ್ನಿಸಿದ್ರೆ ಮಾಡಿಸ್ಕೊಳ್ಳಿ. ನಮ್ಮನೇಗೋಸ್ಕರ ಅಂತ ಬೇಡ."

ಇಷ್ಟು ಒಳ್ಳೆಯವರು ಇರ್ತಾರಾ? ಏನೋ ಇದೆ. ಹೋದಮೇಲೆ ಚೀಟಿಯನ್ನು ಮೂರು ಸಲ ಓದಿದೆ. ದೀರ್ಘ ಬಿಟ್ಟರೆ ಬೇರೆ ತಪ್ಪು ಸಿಗಲಿಲ್ಲ.

15-4, ಮಂಗಳವಾರ, ಸಂಜೆ

ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿದೆ. ಅದೇ ಹುಡುಗಿ. "ಪೋಸ್ಟ್‌ಪೋನಾ, ಕ್ಯಾನ್ಸಲ್ಲಾ ಮೇಡಂ?"

"ಕ್ಯಾನ್ಸಲ್."

ಮೆತ್ತಗೆ ಹೇಳಿದಳು, "ನಂದೂ ನಾಲ್ಕೂಮುಕ್ಕಾಲು ಇದೆ ಮೇಡಂ. ನಂಗೂ ಭಯ." ಪಾಪ ಅನ್ನಿಸಿತು.

ಮುಂದೆಂದಾದರೂ ನನಗೇ ಬೇಕೆನಿಸಿದರೆ ನೋಡೋಣ. ಅಮ್ಮನಿಗೆ ಹೇಳಿದೆ. ಬೈಯಲಿಲ್ಲ. ಕನ್ನಡಕ ಕೇಳಿ ಇಸಿದುಕೊಂಡು, ಸೆರಗಿನಲ್ಲಿ ಒರೆಸಿ ಕೊಟ್ಟಳು.

ಪತ್ರಿಕೆಯ ಪ್ರೂಫ್ ಮುಂದಿದೆ. ಅವರ ಬಲ ಹುಬ್ಬಿನ ಮೇಲೆ ಸಣ್ಣ ಮಚ್ಚೆಯಿದೆ, ಬರೆಯಲು ಮರೆತಿದ್ದೆ. ಎಷ್ಟು ದೂರದಿಂದಲೂ ಕಂ

ಫೋನ್. ಸರಿಯಾಗಿ ಏಳು ಗಂಟೆ. ಕುಣಿಗಲ್ಲಲ್ಲಿ ಪವರ್ ಹೋಗಿರಬೇಕು, ಅದಕ್ಕೇ —