ಪುನರ್ಪುಳಿ ಮರದ ಗರ್ಭಿಣಿ

ಕಾರ್ಕಳ
27–4–1984

ಬೊಂಬಾಯಿಯ ಆಸ್ಪತ್ರೆಯಲ್ಲಿ ಊರವರಿಗೆಲ್ಲ ಸೂಜಿ ಚುಚ್ಚಿ ಪುಣ್ಯ ಕಟ್ಟಿಕೊಳ್ಳುತ್ತಿರುವ ಆಲಿಸಕ್ಕನ ಸನ್ನಿಧಿಗೆ, ಬಡ ತಮ್ಮ ಜೋಕಿಮ್ ಮೊಣಕಾಲೂರಿ ಬರೆಯುವ ಕಾಗದ.

ವಿಷಯ ಗಂಭೀರವಾದದ್ದು. ನಿನ್ನ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೆ, ನಿನ್ನ ತಲೆಗೆ ತೆಂಗಿನ ಹಾಲೆರೆಯಲು, ಊರೇ ಬರುತ್ತದೆಂದು ಪಪ್ಪ ಹಿತ್ತಿಲ ಪುನರ್ಪುಳಿ ಮರ ಕಡಿಸಿ ಚಪ್ಪರ ಹಾಕಲು ಹೊರಟರು. ಆ ಮರದಲ್ಲಿ ಒಬ್ಬಳು ಗರ್ಭಿಣಿ ಬಿಡಾರ ಹೂಡಿದ್ದಳು. ಗುಡ್ಡದ ಕಾಡಿನಿಂದ ಬಂದ ನೀಲಿ ನೊಣಹಿಡುಕ ಹಕ್ಕಿ. ಜೇಡರ ಬಲೆ ಸುತ್ತಿ ಕಟ್ಟಿದ ಗೂಡು ಚಾ ಕಪ್ಪಿನಷ್ಟೂ ಇಲ್ಲ. ಒಳಗೆ ಮೂರು ಮೊಟ್ಟೆ.

ನಾನು ಅಂಗಲಾಚಿದೆ. “ಒಂದು ಮುಷ್ಟಿ ಹಕ್ಕಿಗೆ ನನ್ನ ಮಗಳ ಚಪ್ಪರ ಬಿಡ್ಲಿಕ್ಕುಂಟಾ ಮಾರಾಯ?” ಎಂದು ಪಪ್ಪ ಗುಡುಗಿದರು.

ಆಗ ನನಗೊಂದು ಪವಿತ್ರ ಯೋಚನೆ ಬಂತು. ಗರಿಗಳ ಭಾನುವಾರ ಚರ್ಚಿನಿಂದ ತಂದ ತೆಂಗಿನ ಗರಿಯ ಶಿಲುಬೆಯನ್ನು ಗುಟ್ಟಾಗಿ ಮರಕ್ಕೆ ಕಟ್ಟಿದೆ. ಮಂತ್ರಿಸಿದ ಗರಿ ಇರುವ ಮರಕ್ಕೆ ಕೊಡಲಿ ಎತ್ತುವವರು ಯಾರು? ಕಡಿಯಲು ಬಂದವರು ಚಾ ಕುಡಿದು ಹೋದರು.

ಆದರೆ ನೆರೆಮನೆಯ ಕಾನ್ಸೆಪ್ಟಾಬಾಯಿ ಅದನ್ನು ನೋಡಿ, ಶಿಲುಬೆ ತಾನಾಗಿಯೇ ಬಂದದ್ದೆಂದು ಸಾರಿಬಿಟ್ಟರು. ಸಂಜೆಯೊಳಗೆ ಮರದ ಬುಡದಲ್ಲಿ ಮೇಣದಬತ್ತಿ, ಮಲ್ಲಿಗೆ, ಜಪಸರ. ಹೊಗೆಗೆ ಹೆದರಿ ಹಕ್ಕಿ ಹಾರಿತು, ಎಷ್ಟು ಹೊತ್ತಾದರೂ ಮರಳಲಿಲ್ಲ. ಮೊಟ್ಟೆ ತಣ್ಣಗಾಗುತ್ತಿತ್ತು ಅಕ್ಕ. ನನ್ನ ನಗುವೂ ಅಲ್ಲಿಗೇ ನಿಂತಿತು. ಚರ್ಚಿಗೆ ಓಡಿ ಫಾದರಿಗೆ ಎಲ್ಲವನ್ನೂ ಹೇಳಿದೆ.

ಫಾದರ್ ಬಂದು ಗೂಡನ್ನು ನೋಡಿ, “ಕಾನ್ಸೆಪ್ಟಾಬಾಯಿ, ನಿಮ್ಮ ಬಾಣಂತಿ ಕೋಣೆಗೆ ಊರವರು ಮೇಣದಬತ್ತಿ ಹಿಡ್ಕೊಂಡು ಬಂದಿದ್ರೆ ಎಂತ ಮಾಡ್ತಿದ್ರಿ?” ಎಂದು ಕೇಳಿದರು.

“ಕೋಲು ತಕೊಳ್ತಿದ್ದೆ ಫಾದರ್.”

ಮರುಕ್ಷಣ ಬತ್ತಿಗಳನ್ನೆಲ್ಲ ಆರಿಸಿ ಜನರನ್ನು ಜಗಲಿಗೆ ಅಟ್ಟಿದವರೂ ಕಾನ್ಸೆಪ್ಟಾಬಾಯಿಯೇ. ನಾವು ಉಸಿರು ಬಿಗಿಹಿಡಿದು ಕೂತೆವು. ಕತ್ತಲಾಗುವ ಮೊದಲು ನೀಲಿಯೊಂದು ಮಿಂಚಿ ಗೂಡಿನಲ್ಲಿ ಕೂತಿತು. ಕಾನ್ಸೆಪ್ಟಾಬಾಯಿ ಅತ್ತರು. ನನ್ನ ಕಣ್ಣಿಗೆ ಮಾತ್ರ ಹೊಗೆ ಹೋಗಿತ್ತು.

ಚಪ್ಪರ ಈಗ ಮುಂದಿನ ಅಂಗಳದಲ್ಲಿ. ಮರಿಗಳು ಹಾರುವವರೆಗೆ ಬೆಕ್ಕು ಬಾರದಂತೆ ಗೂಡು ಕಾಯುವುದು ಫಾದರ್ ನನಗೆ ವಿಧಿಸಿದ ಪ್ರಾಯಶ್ಚಿತ್ತ.

ಇತಿ, ನಿನ್ನ ರೋಸಿನ ಹಾಲಿನಲ್ಲಿ ಪಾಲು ಬೇಡುವ,
ಪಾಪಿ ಜೋಕಿಮ್

ತಾ.ಕ.: ರೋಸಿಗೆ ಬ್ಯಾಂಡು ಇಲ್ಲ, ಗರ್ನಾಲು ಪಟಾಕಿಯೂ ಇಲ್ಲ. ನನ್ನನ್ನು ಬಯ್ಯಬೇಡ, ಇದು ನನ್ನ ಕೆಲಸವಲ್ಲ. ಬ್ಯಾಂಡಿನ ಸುಂದರನ ಮನೆಗೆ ಪಪ್ಪನೇ ಹೋಗಿ ಬೇಡವೆಂದು ಹೇಳಿ ಬಂದರು. ಯಾಕೆಂದು ಮಮ್ಮಿ ಕೇಳಿದ್ದಕ್ಕೆ, ಹಿತ್ತಿಲ ಕಡೆ ಒಮ್ಮೆ ನೋಡಿ, “ಮೆಲ್ಲ ಮಾತಾಡು. ಅಷ್ಟೊತ್ತಿಗೆ ಮರಿ ಆಗಿರ್ತದೆ ಅಲ್ವಾ?” ಎಂದು ಪಿಸುಗುಟ್ಟಿದರು.