ನಿಮ್ಮ ಹಸಿರು ಚುಕ್ಕಿ ಮತ್ತು ಮುತ್ಯಾಲಮ್ಮನ ಕಾಲು

ಬ್ರಾಡ್‌ಬ್ಯಾಂಡ್ ಜಾಲ ನಿಯಂತ್ರಣ ಕೊಠಡಿಯ ಮುಖ್ಯಸ್ಥರೇ,

ನಮ್ಮೂರ ಆರೋಗ್ಯ ಉಪಕೇಂದ್ರಕ್ಕೆ ಫೈಬರ್ ಎಳೆಯುತ್ತೇವೆ ಎಂದಿರಿ, ಎಳೆದಿರಿ. ತುಂಡಾದರೆ ಒಂದೇ ದಿನದಲ್ಲಿ ಸರಿಮಾಡುತ್ತೇವೆ ಎಂದಿರಿ, ಮಾಡಲಿಲ್ಲ. ದೂರು ಕೊಟ್ಟರೆ ಆಳು ಬರುತ್ತಾನೆ ಎಂದಿರಿ, ಬರಲಿಲ್ಲ. ಕೆಲಸ ಮುಗಿಯದೆ ದೂರು ಮುಚ್ಚುವುದಿಲ್ಲ ಎಂದಿರಿ, ಪ್ರತಿ ಸಲವೂ ಮುಚ್ಚಿದಿರಿ. ಗುರುವಾರ ಗುರುವಾರ ಕೋಲಾರದ ಡಾಕ್ಟರು ಪರದೆಯ ಮೇಲೆ ಬಂದು ಹಳ್ಳಿಯವರನ್ನು ನೋಡುತ್ತಾರೆ ಎಂದು ಭಾಷಣ ಮಾಡಿ ಹಾರ ಹಾಕಿಸಿಕೊಂಡಿರಿ. ಯುಗಾದಿ ಕಳೆದ ಮೇಲೆ ಯಾವ ಡಾಕ್ಟರೂ ಯಾವ ಪರದೆಯ ಮೇಲೂ ಬಂದಿಲ್ಲ. ಈಗ ನಮಗೇ ನೋಟೀಸು ಕಳಿಸಿದ್ದೀರಿ. ಅದಕ್ಕೆ ಉತ್ತರ ಇದು. ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಕೊಠಡಿಯ ಗೋಡೆಯಗಲದ ಪರದೆಯನ್ನು ನಾನು ಕಂಡಿದ್ದೇನೆ. ದೂರು ಹೇಳಲು ಬಂದಾಗ ಏಸಿ ಚಳಿಯಲ್ಲಿ ನಿಲ್ಲಿಸಿ ನಿಮ್ಮವರೇ ಹೆಮ್ಮೆಯಿಂದ ತೋರಿಸಿದರು. ಊರಿಗೊಂದು ಚುಕ್ಕಿ. ಊರಿಗೆ ಇಂಟರ್ನೆಟ್ ಹಂಚಲು ನೀವು ಕೂರಿಸಿದ ಪೆಟ್ಟಿಗೆ ಬದುಕಿದ್ದರೆ ಹಸಿರು, ಸತ್ತರೆ ಕೆಂಪು. ಕ್ಯಾಲನೂರು ಹೋಬಳಿಯ ನಮ್ಮೂರಿನಲ್ಲಿ ಆ ಪೆಟ್ಟಿಗೆ ಇರುವುದು ಹಾಲಿನ ಡೇರಿಯ ಗೋಡೆಯ ಮೇಲೆ. ಡೇರಿಯ ಯುಪಿಎಸ್ಸೇ ಅದಕ್ಕೆ ಆಸರೆ, ಹಾಗಾಗಿ ಕರೆಂಟು ಹೋದರೂ ಅದು ಸಾಯುವುದಿಲ್ಲ. ಸತ್ತಿರುವುದು ಡೇರಿಯಿಂದ ಉಪಕೇಂದ್ರಕ್ಕೆ ಹೋಗುವ ಫೈಬರ್. ನೀರಿನ ಪೈಪಿಗೆಂದು ಅಗೆದ ಜೆಸಿಬಿಗೆ ಸಿಕ್ಕಿ ತುಂಡಾಗಿ ಹೊಂಗೆಮರದ ಬುಡದಲ್ಲಿ ಬಿದ್ದಿದೆ. ನಿಮ್ಮ ಸಾಫ್ಟ್‌ವೇರಿನ ಕಣ್ಣು ಪೆಟ್ಟಿಗೆಯ ತನಕ ಮಾತ್ರ. ಅದರಾಚೆಗಿನ ಊರು ಅದಕ್ಕೆ ಬೇಕಾಗಿಲ್ಲ. ನಾವು ದೂರು ಕೊಟ್ಟ ತಕ್ಷಣ ಅದು ಪೆಟ್ಟಿಗೆಯನ್ನು ವಿಚಾರಿಸುತ್ತದೆ, ಚೆನ್ನಾಗಿದ್ದೀಯಾ ಎಂದು. ಪೆಟ್ಟಿಗೆ ಚೆನ್ನಾಗಿದ್ದೀನಿ ಅನ್ನುತ್ತದೆ. ದೂರು ಪರಿಹಾರವಾಗಿದೆ, ಧನ್ಯವಾದಗಳು ಎಂದು ನಮ್ಮ ಫೋನಿಗೆ ಸಂದೇಶ. ಹೊರಗೆ ನಿಂತ ರೋಗಿಯನ್ನು ಬಿಟ್ಟು ಆಸ್ಪತ್ರೆಯ ಗೋಡೆ ಮುಟ್ಟಿ ನೋಡಿ ಜ್ವರವಿಲ್ಲ ಎಂದು ಬರೆಯುವ ಈ ವಿದ್ಯೆಗೆ ಎಷ್ಟು ಜನ ಇಂಜಿನಿಯರುಗಳು ಬೇಕಾದರು ಸ್ವಾಮಿ?

ಈಗ ಮುತ್ಯಾಲಮ್ಮನ ವಿಷಯ. ನಮ್ಮ ಕೂಲಿಕಾರರ ಸಂಘದ ಹಳೇ ಜೀವ. ಸಕ್ಕರೆ ಕಾಯಿಲೆ, ಬಲಪಾದದಲ್ಲಿ ಹುಣ್ಣು. ಕಾಲಿಗೆ ಭಾರ ಬೀಳಬಾರದು, ಬಸ್ಸು ಹತ್ತಿ ಇಳಿಯಬೇಡ, ಗುರುವಾರ ಉಪಕೇಂದ್ರದ ನರ್ಸಮ್ಮನ ಮುಂದೆ ಕೂತರೆ ನಾನೇ ಕ್ಯಾಮೆರಾದಲ್ಲಿ ನೋಡಿ ಔಷಧಿ ಹೇಳ್ತೀನಿ ಎಂದು ಡಾಕ್ಟರೇ ಭರವಸೆ ಕೊಟ್ಟಿದ್ದರು. ಆಯಮ್ಮ ನಂಬಿದಳು. ಫೋನಿನಲ್ಲೇ ತೋರಿಸಬಹುದಿತ್ತಲ್ಲ ಎಂದು ನಿಮ್ಮ ಸಹಾಯವಾಣಿ ನಮಗೆ ಬುದ್ಧಿ ಹೇಳಿತು. ನಮ್ಮೂರು ಇರುವುದು ತಗ್ಗಿನಲ್ಲಿ, ಇಲ್ಲಿ ಮಾತು ಕೇಳುವಷ್ಟು ಸಿಗ್ನಲ್ ಸಿಕ್ಕರೇ ಹೆಚ್ಚು. ಸಿಗ್ನಲ್ ಇದ್ದಿದ್ದರೆ ನಿಮ್ಮ ಫೈಬರನ್ನು ಯಾರು ಕೇಳುತ್ತಿದ್ದರು? ಗುರುವಾರಗಳು ಹೀಗೆ ಹೋದವು. ಕೊನೆಗೆ ಅಳಿಯ ಉಮಾಶಂಕರ್ ಆಟೋದಲ್ಲಿ ಮಲಗಿಸಿಕೊಂಡು ಕೋಲಾರಕ್ಕೆ ಹೋದಾಗ ಕಿರುಬೆರಳು ಕಪ್ಪಾಗಿತ್ತು. ತೆಗೆದರು. ಹೊಲಿಗೆ ಆರುವವರೆಗೆ ಆಟೋದ ಕುಲುಕಾಟವೂ ಕೂಡದು, ಆದರೆ ವಾರ ವಾರ ನೋಡಲೇಬೇಕು, ಇಲ್ಲದಿದ್ದರೆ ಪಾದವೂ ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಅವರಿಗೂ ನಿಮ್ಮ ಫೈಬರಿನ ಮೇಲೆ ನಂಬಿಕೆ, ಪಾಪ.

ಆಯಮ್ಮ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಡೇರಿಯಂಗಳದಲ್ಲಿ ಸಂಘ ಸೇರಿತು. ಮತ್ತೊಂದು ಅರ್ಜಿ ಕೊಡೋಣ ಎಂದೆ ನಾನು. ಡೇರಿಯ ಕಾರ್ಯದರ್ಶಿ ಶಾಮಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬರಿಯಣ್ಣ, ಬರಿ. ನಿನ್ನ ಅಕ್ಷರ ಮುತ್ತಿನಂಗೈತೆ. ಅವ್ರಿಗೆ ಊರು ಸತ್ರೆ ಗೊತ್ತಾಗಲ್ಲ, ಡಬ್ಬ ಸತ್ರೆ ಗೊತ್ತಾಯ್ತದೆ."

ಒಳಗೆ ಹೋಗಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಬಂದಳು. ಕ್ಯಾನುಗಳನ್ನು ತೊಳೆದು ಬೋರಲು ಹಾಕುವಷ್ಟರಲ್ಲಿ ನಿಮ್ಮ ಕೊಠಡಿಯಿಂದ ಫೋನು! ಮಧ್ಯಾಹ್ನದೊಳಗೆ ಜೀಪು! ಯುಗಾದಿಯಿಂದ ಕಾದ ಊರಿಗೆ ಆ ಜೀಪು ಬಂದಾಗ ಆರತಿ ಎತ್ತುವುದೊಂದು ಬಾಕಿ. ಇಳಿದ ಇಬ್ಬರು ಸ್ವಿಚ್ಚು ಹಾಕಿದರು, ಹಸಿರು ಬಂತೆಂದು ಫೋಟೋ ಹೊಡೆದುಕೊಂಡರು, ಹೊರಟೇ ಬಿಟ್ಟರು. ಶಾಮಲಮ್ಮ ಬಿಡದೆ ಹೊಂಗೆಮರದ ಹತ್ತಿರ ಕರೆದುಕೊಂಡು ಹೋಗಿ ತುಂಡಾದ ಫೈಬರನ್ನು ಎತ್ತಿ ತೋರಿಸಿದಳು. ಇದು ನಮಗೆ ಬರೆದುಕೊಟ್ಟ ಕೆಲಸದ ಟಿಕೆಟ್‌ನಲ್ಲಿ ಇಲ್ಲ ಮೇಡಂ ಎಂದರು. ಫೈಬರ್ ಬೆಸೆಯುವ ಯಂತ್ರ ಅವರ ಜೀಪಿನ ಹಿಂದಿನ ಸೀಟಿನಲ್ಲೇ ಕೂತಿತ್ತು.

ಮರದೆದುರಿನ ಜಗಲಿಯಲ್ಲಿ ಬ್ಯಾಂಡೇಜಿನ ಕಾಲು ಚಾಚಿ ಕೂತಿದ್ದ ಮುತ್ಯಾಲಮ್ಮ ಕೇಳಿದಳು: "ಏಮಪ್ಪಾ, ಡಬ್ಬಕ್ಕೆ ಬಂದ ಜೀಪು ನನ್ನ ಕಾಲಿಗೆ ಯಾವಾಗ ಬರ್ತದೆ?"

ಉತ್ತರ ಕೊಡಲು ಅವರಿಗೆ ಅಧಿಕಾರವಿರಲಿಲ್ಲ. ನಿಮಗೆ ಇತ್ತು, ನೀವು ನೋಟೀಸು ಕೊಟ್ಟಿರಿ. ಶಾಮಲಮ್ಮ ಜಾಲದ ಉಪಕರಣಕ್ಕೆ ಉದ್ದೇಶಪೂರ್ವಕ ಅಡ್ಡಿ ಮಾಡಿದ್ದಾಳಂತೆ. ಲಿಖಿತ ಕ್ಷಮಾಪಣೆ ಬರೆದುಕೊಡಬೇಕಂತೆ. ಅಲ್ಲಿಯವರೆಗೆ ನಮ್ಮೂರಿನ ದುರಸ್ತಿಯೆಲ್ಲ ತಡೆಹಿಡಿಯಲಾಗಿದೆಯಂತೆ. ಮಾಡದ ದುರಸ್ತಿಯನ್ನು ತಡೆಹಿಡಿಯುವ ನಿಮ್ಮ ಪ್ರತಾಪಕ್ಕೆ ಏನನ್ನೋಣ? ಸ್ವಿಚ್ಚು ಆರಿಸಿದ್ದು ಅಡ್ಡಿಯಾದರೆ, ಕಾಲು ಕೊಳೆಯುವವರೆಗೆ ಹಸಿರು ತೋರಿಸಿದ್ದು ಏನು? ಸೇವೆಯೇ? ಆ ಹಸಿರನ್ನು ನೋಡಿಯೇ ತಾನೇ ನಿಮಗೆ ಮೇಲಿನವರ ಶಹಬ್ಬಾಸ್‌ಗಿರಿ?

ಕ್ಷಮಾಪಣೆ ಬರೆಯುವುದಿಲ್ಲ. ಮಂಗಳವಾರ ಸಂಜೆಯೊಳಗೆ ಆ ಫೈಬರ್ ಬೆಸೆಯಿರಿ, ಗುರುವಾರ ಮುತ್ಯಾಲಮ್ಮನ ಕಾಲನ್ನು ಡಾಕ್ಟರು ನೋಡಲೇಬೇಕು. ನೋಟೀಸು ವಾಪಸ್ಸು ತೆಗೆದುಕೊಳ್ಳಿ. ಇನ್ನು ಮುಂದೆ ಉಪಕೇಂದ್ರದ ದೂರನ್ನು ಮುಚ್ಚಬೇಕಾದರೆ ನಿಮ್ಮ ಸಾಫ್ಟ್‌ವೇರ್ ಪೆಟ್ಟಿಗೆಯನ್ನಲ್ಲ, ನರ್ಸಮ್ಮನನ್ನು ಕೇಳಲಿ. ಆಯಮ್ಮನಿಗೆ ಬಾಯಿ ಇದೆ, ಸುಳ್ಳು ಹೇಳುವ ಚಟವಿಲ್ಲ.

ಆಗುವುದಿಲ್ಲ ಎಂದರೆ ಬೇಡ, ಬಲವಂತವಿಲ್ಲ. ನಮ್ಮ ಸುತ್ತಲಿನ ಊರುಗಳಲ್ಲೂ ನಿಮ್ಮ ಪೆಟ್ಟಿಗೆಗಳಿಗೆ ಡೇರಿಯ ಗೋಡೆಯೇ ಗತಿ, ಅಲ್ಲಿಯೂ ಇದೇ ಸುಳ್ಳು ಹಸಿರು. ಆ ಡೇರಿಗಳ ಕಾರ್ಯದರ್ಶಿಗಳೆಲ್ಲ ಶಾಮಲಮ್ಮನ ಮಾತು ಕೇಳಲು ಬರುತ್ತಿದ್ದಾರೆ. ಅವರವರ ಗೋಡೆಯ ಮೇಲೂ ಒಂದೊಂದು ಸ್ವಿಚ್ಚಿದೆ. ಸಭೆ ನಮ್ಮೂರ ಡೇರಿಯಂಗಳದಲ್ಲಿ, ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ.

ಇಂತಿ,
ನಿಮ್ಮ ಪರದೆಯಲ್ಲಿ ಮಾತ್ರ ಸುಖವಾಗಿರುವ ಊರಿನ
ಚನ್ನರಾಯಪ್ಪ
ಕೂಲಿಕಾರರ ಸಂಘ, ಕ್ಯಾಲನೂರು ಹೋಬಳಿ